ಆಂಬುಲೆನ್ಸ್ ಹತ್ತುವ ಮುನ್ನ ಒಂದು ಕಪ್

ಅಮೆರಿಕದ ಯಾವುದಾದರೂ ಕಮ್ಯುನಿಟಿ ಕಾಲೇಜಿನಲ್ಲಿ ಇಎಂಟಿ ಕೋರ್ಸಿಗೆ ಸೇರಿದರೆ ಶುರುವಿನಲ್ಲೇ ಕೈಗೊಂದು ಪಟ್ಟಿ ಬರುತ್ತೆ. ಇಎಂಟಿ ಅಂದರೆ ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂತು ಹೋಗುವವರ ಮೊದಲ ಮೆಟ್ಟಿಲು. ಒಂದು ಸೆಮಿಸ್ಟರಿನ ತರಬೇತಿ, 150ರಿಂದ 190 ಗಂಟೆ. ಪಟ್ಟಿಯಲ್ಲಿ ಸಿಪಿಆರ್ ಕಾರ್ಡ್, ಹೆಪಟೈಟಿಸ್ ಬಿ ಲಸಿಕೆ, ಕ್ಷಯದ ಪರೀಕ್ಷೆ, ಪೊಲೀಸ್ ದಾಖಲೆಯ ತಪಾಸಣೆ ಎಲ್ಲಾ ಇರುತ್ತೆ. ಅದರ ಜೊತೆಗೇ, ಬಹಳ ಕಡೆ, ಡ್ರಗ್ ಟೆಸ್ಟ್. ಇಷ್ಟೂ ಆಗದೆ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿಗಾಗಲಿ, ನಿಜವಾದ ಆಂಬುಲೆನ್ಸಿಗಾಗಲಿ ಕಾಲಿಡುವ ಹಾಗಿಲ್ಲ. ಕಾಲಿಡದೆ ಕೋರ್ಸ್ ಮುಗಿಯೋದಿಲ್ಲ.

ಸಂಗ್ರಹ ಕೇಂದ್ರದಲ್ಲಿ ನಡೆಯೋದನ್ನ ಕೇಳಿದರೆ ನಗು ಬರಬಹುದು. ಸರ್ಕಾರಿ ನಿಯಮ ಪಾಲಿಸುವ ಕಡೆ ಶೌಚಾಲಯದ ನೀರಿಗೆ ನೀಲಿ ಬಣ್ಣ ಹಾಕಿರುತ್ತಾರೆ, ಕಪ್ಪಿಗೆ ಅದನ್ನೇ ಬೆರೆಸಿ ತರಬಾರದು ಅಂತ. ಕೊಟ್ಟ ಸ್ಯಾಂಪಲ್ಲಿನ ಬಿಸಿಯನ್ನು 4 ನಿಮಿಷದೊಳಗೆ ನೋಡಬೇಕು. 32ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಇಲ್ಲದಿದ್ದರೆ ಬೇರೆ ಯಾರದ್ದೋ ಮೂತ್ರ ಜೇಬಲ್ಲಿಟ್ಟುಕೊಂಡು ಬಂದಿದ್ದಾರೆ ಅನ್ನೋ ಅನುಮಾನ. ಆಮೇಲೆ ಮೊಹರು, ಸಹಿ, ಕೈಯಿಂದ ಕೈಗೆ ಹೋಗುವಾಗೆಲ್ಲ ಲೆಕ್ಕ.

ನಗು ಬಂದವರು ಬೆಂಗಳೂರಿನ ಐಟಿ ಕಂಪನಿಯಲ್ಲಿದ್ದರೆ ಸ್ವಲ್ಪ ತಡೆಯಿರಿ. ಅಮೆರಿಕದ ಬ್ಯಾಂಕೋ ಇನ್ಶೂರೆನ್ಸ್ ಕಂಪನಿಯೋ ಕ್ಲೈಂಟ್ ಆಗಿರೋ ಪ್ರಾಜೆಕ್ಟಿಗೆ ಹಾಕುವ ಮುಂಚೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಜೊತೆ ಡ್ರಗ್ ಟೆಸ್ಟಿಗೂ ಕಳಿಸಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರುತ್ತೆ. ನಮ್ಮ ಸರ್ಕಾರ ಕೇಳಿದ್ದಲ್ಲ ಅದು, ನಿಮ್ಮ ಕಂಪನಿಗೂ ಅಂಥ ಆಸೆಯೇನಿರಲಿಲ್ಲ. ಒಪ್ಪಂದದಲ್ಲಿ ಒಂದು ಸಾಲಿತ್ತು, ಅಷ್ಟೆ. ಇಎಂಟಿ ವಿದ್ಯಾರ್ಥಿಯ ವಿಷಯದಲ್ಲೂ ನಡೆಯೋದು ಇದೇ. ಇಎಂಟಿಗಳಿಗೆ ರಾಷ್ಟ್ರಮಟ್ಟದ ಪರೀಕ್ಷೆ ನಡೆಸುವ ನ್ಯಾಷನಲ್ ರಿಜಿಸ್ಟ್ರಿ ಡ್ರಗ್ ಟೆಸ್ಟ್ ಕೇಳೋದಿಲ್ಲ. ಕೇಳೋದು ಆಸ್ಪತ್ರೆ. ನಮ್ಮ ಸಿಬ್ಬಂದಿಗಿರುವ ನಿಯಮ ನಿಮ್ಮ ವಿದ್ಯಾರ್ಥಿಗಳಿಗೂ ಅನ್ವಯ ಅಂತ ಕಾಲೇಜಿನ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಅದು ಬರೆಯುತ್ತೆ. ಕಾಲೇಜು ಅದನ್ನು ಕೈಪಿಡಿಗೆ ಸೇರಿಸುತ್ತೆ. ದುಡ್ಡು ಸಾಮಾನ್ಯವಾಗಿ ವಿದ್ಯಾರ್ಥಿಯದ್ದೇ.

ಹಾಗಾದರೆ ಆಸ್ಪತ್ರೆಗೆ ಈ ಕಪ್ ಎಲ್ಲಿಂದ ಬಂತು? ಅದು ಹುಟ್ಟಿದ್ದು ಆಸ್ಪತ್ರೆಯಲ್ಲಂತೂ ಅಲ್ಲ.

1971ರಲ್ಲಿ ಅಮೆರಿಕದ ಇಬ್ಬರು ಸಂಸದರು, ರಾಬರ್ಟ್ ಸ್ಟೀಲ್ ಮತ್ತು ಮಾರ್ಗನ್ ಮರ್ಫಿ, ವಿಯೆಟ್ನಾಮಿನಿಂದ ವಾಪಸ್ಸು ಬಂದು ಒಂದು ವರದಿ ಕೊಟ್ಟರು: ಅಲ್ಲಿರುವ ನಮ್ಮ ಸೈನಿಕರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿ ಹೆರಾಯಿನ್ ಚಟಕ್ಕೆ ಬಿದ್ದಿದ್ದಾರೆ. ದೇಶ ಬೆಚ್ಚಿತು. ಬಂದೂಕು ಹಿಡಿಯಲು ಕಲಿತ ಸಾವಿರಾರು ವ್ಯಸನಿಗಳು ಊರಿಗೆ ಬಂದಿಳಿದರೆ ಗತಿ ಏನು? ಜೂನ್ 17ರಂದು ಅಧ್ಯಕ್ಷ ನಿಕ್ಸನ್ ಮಾದಕವಸ್ತುವನ್ನು ದೇಶದ ಮೊದಲ ಶತ್ರು ಅಂತ ಸಾರಿದರು. ಅದೇ ತಿಂಗಳು ವಿಯೆಟ್ನಾಮಿನಲ್ಲಿ ಮನೆಗೆ ಹೊರಟ ಸೈನಿಕರ ಮೂತ್ರಪರೀಕ್ಷೆ ಶುರುವಾಯಿತು. ಕಪ್ ಶುದ್ಧವಾಗಿ ಬಂದವನಿಗೆ ವಿಮಾನ. ಬರದವನು ಅಲ್ಲೇ ಉಳಿದು, ಮೈಯಿಂದ ವಿಷ ಇಳಿಸಿಕೊಂಡು, ಮತ್ತೆ ಕಪ್ ಹಿಡಿಯಬೇಕು. ಸೈನಿಕರ ಬಾಯಲ್ಲಿ ಇದಕ್ಕೆ ‘ಆಪರೇಷನ್ ಗೋಲ್ಡನ್ ಫ್ಲೋ’ ಅನ್ನೋ ಹೆಸರು. ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಆದದ್ದು ಕುತೂಹಲದ್ದು. ಊರಿಗೆ ಮರಳಿದ ಈ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿಕೊಂಡು ಹೋಗಿ ಮಾತಾಡಿಸಿದರು. ವಿಯೆಟ್ನಾಮಿನಲ್ಲಿ ಚಟಕ್ಕೆ ಬಿದ್ದಿದ್ದವರಲ್ಲಿ, ಮನೆಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ಬಿದ್ದವರು ನೂರಕ್ಕೆ ಐದರಷ್ಟು ಮಾತ್ರ. ಒಮ್ಮೆ ಬಿದ್ದವನು ಮತ್ತೆ ಏಳಲಾರ ಅನ್ನೋ ನಂಬಿಕೆಗೆ ಬಿದ್ದ ದೊಡ್ಡ ಏಟು ಇದು. ಆದರೆ ರಾಜಕಾರಣದ ನೆನಪಿನಲ್ಲಿ ಉಳಿದದ್ದು ರಾಬಿನ್ಸ್ ಕೊಟ್ಟ ಲೆಕ್ಕ ಅಲ್ಲ, ಕಪ್. ಸಾವಿರಾರು ಜನರನ್ನು ಸಾಲಾಗಿ ನಿಲ್ಲಿಸಿ, ಅಗ್ಗವಾಗಿ, ಬೇಗ ಪರೀಕ್ಷೆ ಮಾಡಬಹುದು ಅನ್ನೋದು ಸಾಬೀತಾಗಿಹೋಗಿತ್ತು.

ಈಗ ಅದೇ ವರ್ಷಗಳ ಪಿಟ್ಸ್‌ಬರ್ಗಿಗೆ ಬನ್ನಿ. ಆಂಬುಲೆನ್ಸಿನ ಕಥೆ ಶುರುವಾಗೋದು ಅಲ್ಲಿ.

1966ರವರೆಗೆ ಅಮೆರಿಕದಲ್ಲಿ ಆಂಬುಲೆನ್ಸ್ ಅನ್ನೋದು ಚಿಕಿತ್ಸೆಯ ಗಾಡಿ ಆಗಿರಲೇ ಇಲ್ಲ. ಆ ವರ್ಷ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಒಂದು ವರದಿ ಹೊರತಂದಿತು. 1965ರ ಒಂದೇ ವರ್ಷದಲ್ಲಿ ಅಪಘಾತಗಳಿಗೆ 1,07,000 ಜನ ಬಲಿ. ದೇಶದ ಆಂಬುಲೆನ್ಸ್‌ಗಳಲ್ಲಿ ಸುಮಾರು ಅರ್ಧ ನಡೆಸುತ್ತಿದ್ದವರು ಶವಸಂಸ್ಕಾರದ ವ್ಯಾಪಾರದವರು. ಕಾರಣ ಸರಳ. ಮನುಷ್ಯನನ್ನು ಉದ್ದಕ್ಕೆ ಮಲಗಿಸಬಹುದಾದ ಗಾಡಿ ಅವರ ಹತ್ತಿರ ಇತ್ತು. ಬದುಕಿದ್ದರೆ ಆಸ್ಪತ್ರೆಗೆ, ಇಲ್ಲದಿದ್ದರೆ ಅವರದೇ ಅಂಗಡಿಗೆ. ಪಿಟ್ಸ್‌ಬರ್ಗಿನಲ್ಲಿ ಈ ಕೆಲಸ ಪೊಲೀಸರದ್ದು. ವ್ಯಾನಿನ ಹಿಂದೆ ರೋಗಿಯನ್ನು ಹಾಕಿಕೊಂಡು ಓಡಿಸೋದು, ಅಷ್ಟೆ. ಕಪ್ಪುಜನರೇ ಹೆಚ್ಚಿದ್ದ ಹಿಲ್ ಡಿಸ್ಟ್ರಿಕ್ಟ್ ಬಡಾವಣೆಗೆ ಆ ವ್ಯಾನ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಅದೇ ಊರಿನಲ್ಲಿ ಪೀಟರ್ ಸಫಾರ್ ಇದ್ದರು. ವಿಯೆನ್ನಾದಲ್ಲಿ ಹುಟ್ಟಿದ ಅರಿವಳಿಕೆ ವೈದ್ಯ, ಇವತ್ತು ಜಗತ್ತೆಲ್ಲ ಕಲಿಯುವ ಸಿಪಿಆರ್‌ಗೆ ರೂಪ ಕೊಟ್ಟವರಲ್ಲಿ ಒಬ್ಬರು. 1966ರಲ್ಲಿ ಅವರ ಪುಟ್ಟ ಮಗಳು ಅಸ್ತಮಾದಿಂದ ತೀರಿಕೊಂಡಳು. ಮರುವರ್ಷ ಫಿಲ್ ಹ್ಯಾಲೆನ್ ಎಂಬ ದತ್ತಿಸಂಸ್ಥೆಯ ಮುಖ್ಯಸ್ಥರು ಮತ್ತು ಹಿಲ್ ಡಿಸ್ಟ್ರಿಕ್ಟಿನ ಫ್ರೀಡಂ ಹೌಸ್ ಸಂಘಟನೆ ಜೊತೆ ಸೇರಿ ಸಫಾರ್ ಒಂದು ಆಂಬುಲೆನ್ಸ್ ಸೇವೆ ಕಟ್ಟಿದರು. ತರಬೇತಿಗೆ ಆರಿಸಿದ್ದು ಅದೇ ಬಡಾವಣೆಯ ಕಪ್ಪು ಯುವಕರನ್ನು. ಕೆಲವರು ಹೈಸ್ಕೂಲ್ ಮುಗಿಸಿರಲಿಲ್ಲ, ಕೆಲವರು ವಿಯೆಟ್ನಾಮಿನಿಂದ ಬಂದಿದ್ದರು, ಕೆಲವರ ಹೆಸರಿನ ಮುಂದೆ ಪೊಲೀಸ್ ದಾಖಲೆ ಇತ್ತು. ಊರು ಅವರಿಗೆ ಇಟ್ಟಿದ್ದ ಹೆಸರು ಒಂದೇ: ಕೆಲಸಕ್ಕೆ ಬಾರದವರು.

ಆ ಕೆಲಸಕ್ಕೆ ಬಾರದವರಿಗೆ ಸಫಾರ್ ಅಂಗರಚನೆ, ಶ್ವಾಸನಾಳಕ್ಕೆ ಕೊಳವೆ ಹಾಕೋದು, ಹೃದಯದ ಲಯ ಓದೋದು ಎಲ್ಲಾ ಕಲಿಸಿದರು. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ನಿಲ್ಲಿಸಿದರು. ಮೊದಲ ವರ್ಷವೇ ಸುಮಾರು 5,800 ಕರೆಗಳಿಗೆ ಅವರು ಹೋದರು. ಹೆರಾಯಿನ್ ಹೆಚ್ಚಾಗಿ ಉಸಿರು ನಿಂತವರಿಗೆ ರಸ್ತೆಯಲ್ಲೇ ನಾರ್ಕಾನ್ ಕೊಟ್ಟು ಎಬ್ಬಿಸಿದ ಮೊದಲಿಗರಲ್ಲಿ ಇವರೂ ಸೇರಿದ್ದಾರೆ. ಅಂದರೆ ಒಂದು ಕಡೆ ದೇಶ ಹೆರಾಯಿನ್ ಸೇವಿಸಿದವನನ್ನು ವಿಮಾನದ ಬಾಗಿಲಲ್ಲಿ ತಡೆಯೋದು ಹೇಗೆ ಅಂತ ಲೆಕ್ಕ ಹಾಕುತ್ತಿದ್ದಾಗ, ಇನ್ನೊಂದು ಕಡೆ ಈ ಹುಡುಗರು ಅಂಥವನ ಪಕ್ಕ ಮಂಡಿಯೂರಿ ಕೂತಿದ್ದರು. ಆಮೇಲೆ ವೈದ್ಯಕೀಯ ನಿರ್ದೇಶಕಿಯಾಗಿ ಬಂದ ನ್ಯಾನ್ಸಿ ಕ್ಯಾರೊಲಿನ್ ಈ ಅನುಭವದ ಮೇಲೆಯೇ ಇಡೀ ದೇಶಕ್ಕೆ ಪ್ಯಾರಾಮೆಡಿಕ್ ಪಠ್ಯಕ್ರಮ ರೂಪಿಸಿದರು. ಇವತ್ತು ಕಮ್ಯುನಿಟಿ ಕಾಲೇಜಿನಲ್ಲಿ ಕೂತ ವಿದ್ಯಾರ್ಥಿ ಓದೋದು, ಒಂದರ್ಥದಲ್ಲಿ, ಅವರ ಟಿಪ್ಪಣಿಗಳನ್ನೇ.

1975ರಲ್ಲಿ ನಗರಾಡಳಿತ ತನ್ನದೇ ಆಂಬುಲೆನ್ಸ್ ಸೇವೆ ಶುರುಮಾಡಿ ಫ್ರೀಡಂ ಹೌಸನ್ನು ಮುಚ್ಚಿಸಿತು. ಸಿಬ್ಬಂದಿಯನ್ನು ಉಳಿಸಿಕೊಳ್ತೀವಿ ಅನ್ನೋ ಮಾತು ಕೊಟ್ಟಿತ್ತು. ಆಮೇಲೆ ಹೊಸ ನಿಯಮಗಳು ಬಂದವು. ಪೊಲೀಸ್ ದಾಖಲೆ ಇದ್ದವರು ಹೊರಗೆ. ಹೊಸ ಪರೀಕ್ಷೆಗಳಲ್ಲಿ ಪಾಸಾಗದವರು ಹೊರಗೆ. ಉಳಿದವರಲ್ಲೂ ಅನೇಕರಿಗೆ ರೋಗಿಯನ್ನು ಮುಟ್ಟುವ ಕೆಲಸವಿಲ್ಲ. ಯಾವ ನಿಯಮದಲ್ಲೂ ಬಣ್ಣದ ಮಾತಿಲ್ಲ, ಎಲ್ಲವೂ ರೋಗಿಯ ಸುರಕ್ಷತೆಯ ಹೆಸರಿನಲ್ಲಿ. ಕೆಲವೇ ವರ್ಷಗಳಲ್ಲಿ ಆ ಸೇವೆಯ ಮುಖ ಬಹುಪಾಲು ಬಿಳಿಯಾಯಿತು. ಇದರಲ್ಲಿ ಕಪ್ ಇರಲಿಲ್ಲ, ನಿಜ. ಆದರೆ ಬಾಗಿಲಲ್ಲಿ ಇಡುವ ತಪಾಸಣೆ ಯಾರನ್ನು ಜರಡಿ ಹಿಡಿಯಬಹುದು ಅನ್ನೋದಕ್ಕೆ ಆಂಬುಲೆನ್ಸ್ ಚರಿತ್ರೆಯ ಮೊದಲ ಅಧ್ಯಾಯದಲ್ಲೇ ಉದಾಹರಣೆ ಸಿಗುತ್ತೆ ಅಂತ ಇಷ್ಟು ಹೇಳಿದೆ.

ಕಪ್ ಸೈನ್ಯ ದಾಟಿ ಊರೊಳಗೆ ಬಂದದ್ದು ಎರಡು ಅಪಘಾತಗಳ ಮೂಲಕ. 1981ರ ಮೇ 26ರ ರಾತ್ರಿ ಫ್ಲಾರಿಡಾ ಕರಾವಳಿಯಾಚೆ ನಿಮಿಟ್ಜ್ ಎಂಬ ಯುದ್ಧನೌಕೆಯ ಮೇಲೆ ಇಳಿಯುತ್ತಿದ್ದ ವಿಮಾನ ಅಪ್ಪಳಿಸಿ 14 ಜನ ಸತ್ತರು. ಸತ್ತ ಡೆಕ್ ಸಿಬ್ಬಂದಿಯಲ್ಲಿ ಕೆಲವರ ದೇಹದಲ್ಲಿ ಗಾಂಜಾದ ಅಂಶ ಸಿಕ್ಕಿತು. ದೊಡ್ಡ ಸುದ್ದಿಯಾಯಿತು. ನೌಕಾಪಡೆ ಎಲ್ಲರ ಮೂತ್ರಪರೀಕ್ಷೆಗೆ ಇಳಿಯಿತು. ವಿಮಾನ ಇಳಿಸುತ್ತಿದ್ದ ಪೈಲಟ್‌ನ ದೇಹದಲ್ಲಿ ಶೀತಕ್ಕೆ ತಗೊಳ್ಳುವ ಔಷಧ ಮಿತಿಮೀರಿ ಸಿಕ್ಕಿತ್ತು ಅನ್ನೋದು ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ. ಅದು ಅಂಗಡಿಯಲ್ಲಿ ಸಿಗೋ ಮಾತ್ರೆ ನೋಡಿ. ಎರಡನೆಯದು 1987ರ ಜನವರಿ 4, ಮೇರಿಲ್ಯಾಂಡಿನ ಚೇಸ್ ಎಂಬಲ್ಲಿ. ಸಿಗ್ನಲ್ ದಾಟಿ ಬಂದ ಗೂಡ್ಸ್ ಎಂಜಿನ್‌ಗಳಿಗೆ ಪ್ರಯಾಣಿಕರ ರೈಲು ಡಿಕ್ಕಿ ಹೊಡೆದು 16 ಸಾವು. ಎಂಜಿನ್ ನಡೆಸುತ್ತಿದ್ದವರು ಗಾಂಜಾ ಸೇದಿದ್ದರು. ಎಚ್ಚರಿಕೆಯ ಸೀಟಿಯ ಬಾಯಿಗೆ ಟೇಪ್ ಸುತ್ತಲಾಗಿತ್ತು.

ಇವೆರಡರ ನಡುವೆ, 1986ರ ಸೆಪ್ಟೆಂಬರ್ 15ರಂದು, ಅಧ್ಯಕ್ಷ ರೇಗನ್ ಕೇಂದ್ರ ಸರ್ಕಾರದ ಸೂಕ್ಷ್ಮ ಹುದ್ದೆಗಳವರಿಗೆಲ್ಲ ಪರೀಕ್ಷೆ ಮಾಡಿಸುವ ಆದೇಶಕ್ಕೆ ಸಹಿ ಹಾಕಿದ್ದರು. 1988ರಲ್ಲಿ ಪರೀಕ್ಷೆಯ ವಿಧಿವಿಧಾನ ಗೊತ್ತಾಯಿತು: ಗಾಂಜಾ, ಕೊಕೇನ್, ಆಂಫೆಟಮಿನ್, ಅಫೀಮಿನ ವರ್ಗ, ಪಿಸಿಪಿ. ಈ ಐದರ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

1989ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ರೈಲ್ವೆ ನೌಕರರಿಗೆ ಅಪಘಾತದ ನಂತರದ ಪರೀಕ್ಷೆ ಸರಿ. ಕಸ್ಟಮ್ಸ್‌ನ ಕೆಲವು ಹುದ್ದೆಗಳಿಗೆ ಪರೀಕ್ಷೆ ಕೂಡ ಸರಿ. ವ್ಯಕ್ತಿಯ ಮೇಲೆ ಅನುಮಾನ ಇಲ್ಲದಿದ್ದರೂ ಸಾರ್ವಜನಿಕರ ಸುರಕ್ಷತೆಯಂಥ ‘ವಿಶೇಷ ಅಗತ್ಯ’ ಇದ್ದರೆ ಸಾಕು ಅನ್ನೋದು ವಾದ. ಥರ್ಗುಡ್ ಮಾರ್ಷಲ್ ಒಪ್ಪಲಿಲ್ಲ. ಮಾದಕವಸ್ತು ಅಂದ ಕೂಡಲೇ ಸಂವಿಧಾನಕ್ಕೆ ವಿನಾಯಿತಿ ಸಿಗೋದಿಲ್ಲ ಅಂತ ಬರೆದರು. ಸ್ವಾರಸ್ಯ ಇರೋದು ಆಂಟೊನಿನ್ ಸ್ಕಾಲಿಯಾ ಅವರಲ್ಲಿ. ರೈಲಿನ ವಿಷಯದಲ್ಲಿ ಅಪಘಾತಗಳ ದಾಖಲೆ ಇದೆ ಅಂತ ಒಪ್ಪಿದ ಅವರು, ಕಸ್ಟಮ್ಸ್ ವಿಷಯದಲ್ಲಿ ಸಮಸ್ಯೆಯೇ ತೋರಿಸದೆ ಬರೀ ಸಂದೇಶ ಕೊಡೋಕೆ ಜನರ ಮಾನ ಕಳೆಯುತ್ತಿದ್ದೀರಿ ಅಂತ ಸಿಟ್ಟಾದರು. ಆರು ವರ್ಷದ ನಂತರ, 1995ರಲ್ಲಿ, ಆರೆಗನ್ ರಾಜ್ಯದ ವೆರ್ನೋನಿಯಾ ಊರಿನ ಶಾಲಾ ಕ್ರೀಡಾಪಟುಗಳ ಮೂತ್ರಪರೀಕ್ಷೆ ಸರಿ ಅಂತ ಬಹುಮತದ ತೀರ್ಪು ಬರೆದವರು ಅವರೇ! ಮಕ್ಕಳು ಶಾಲೆಯ ಪಾಲನೆಯಲ್ಲಿದ್ದಾರೆ, ಊರಿನಲ್ಲಿ ಸಮಸ್ಯೆ ಇರೋದು ಕಾಣ್ತಾ ಇದೆ ಅನ್ನೋದು ಅವರ ಸಮರ್ಥನೆ.

2002ರಲ್ಲಿ ಓಕ್ಲಹೋಮದ ಪ್ರಕರಣದಲ್ಲಿ ಪರೀಕ್ಷೆ ಶಾಲೆಯ ಗಾಯನವೃಂದದವರೆಗೂ ಹೋಯಿತು, 5–4 ಮತದಲ್ಲಿ. ಜಾರ್ಜಿಯಾ ರಾಜ್ಯ ಚುನಾವಣೆಗೆ ನಿಲ್ಲುವವರಿಗೂ ಪರೀಕ್ಷೆ ಕಡ್ಡಾಯ ಮಾಡಿತ್ತು. ಅದನ್ನು ಮಾತ್ರ ನಡುವೆ, 1997ರಲ್ಲಿ, ಕೋರ್ಟ್ 8–1ರಿಂದ ಹೊಡೆದುಹಾಕಿತು. ಹಾಡುವ ಹುಡುಗಿ ಕಪ್ ಹಿಡಿಯಬೇಕು, ರಾಜ್ಯಪಾಲನಾಗಲು ಹೊರಟವನು ಹಿಡಿಯಬೇಕಿಲ್ಲ. ಕಾನೂನಿನ ತರ್ಕ ಬೇರೆ ಇರಬಹುದು, ನೋಡುವವರಿಗೆ ಹೀಗೇ ಕಾಣೋದು.

ಕಾಲೇಜಿನ ಸರದಿ 2011ರಲ್ಲಿ ಬಂತು. ಮಿಸೌರಿಯ ಒಂದು ಸರ್ಕಾರಿ ತಾಂತ್ರಿಕ ಕಾಲೇಜು, ಆಗಿನ ಹೆಸರು ಲಿನ್ ಸ್ಟೇಟ್, ಹೊಸದಾಗಿ ಸೇರುವ ವಿದ್ಯಾರ್ಥಿಗಳೆಲ್ಲ 50 ಡಾಲರ್ ಕೊಟ್ಟು ಡ್ರಗ್ ಟೆಸ್ಟ್ ಮಾಡಿಸಬೇಕು ಅಂದಿತು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಐದು ವರ್ಷ ಎಳೆದಾಡಿ 2016ರ ಡಿಸೆಂಬರಿನಲ್ಲಿ ಮೇಲ್ಮನವಿ ಕೋರ್ಟಿನ ಪೂರ್ಣಪೀಠ ಹೇಳಿತು: ಎಲ್ಲರಿಗೂ ಅಂತ ಹೇರೋದು ತಪ್ಪು. ತನ್ನ ಕೆಲಸದಿಂದ ಇತರರ ಜೀವಕ್ಕೆ ಅಪಾಯ ತರಬಲ್ಲ ಕೋರ್ಸಿನವರಿಗೆ ಮಾತ್ರ ಮಾಡಿ.

ಈ ಗೆರೆಯಲ್ಲಿ ನೋಡಿದರೆ ಇಎಂಟಿ ವಿದ್ಯಾರ್ಥಿ ಯಾವ ಕಡೆ? ಸಂದೇಹವೇ ಇಲ್ಲ, ಪರೀಕ್ಷೆಯ ಕಡೆ. ಪ್ರಜ್ಞೆ ತಪ್ಪಿದ ಮನುಷ್ಯ ತನ್ನ ಪಕ್ಕ ಕೂತವರನ್ನು ಆರಿಸಿಕೊಳ್ಳಲಾರ. ಆ ಕೈ ಸ್ಥಿಮಿತದಲ್ಲಿದೆ ಅಂತ ಅವನ ಪರವಾಗಿ ಯಾರಾದರೂ ಖಾತ್ರಿ ಮಾಡಿಕೊಳ್ಳಲೇಬೇಕು. ಈ ಮಾತನ್ನು ನಾನು ಪೂರ್ತಿ ಒಪ್ತೀನಿ. ನನ್ನ ತಕರಾರು ಬೇರೆ ಕಡೆ ಇದೆ. ಈ ಕಪ್ ಆ ಖಾತ್ರಿ ಕೊಡುತ್ತಾ?

ಮೂತ್ರದಲ್ಲಿ ಸಿಗೋದು ಈ ಕ್ಷಣದ ಅಮಲಲ್ಲ, ದೇಹ ಅರಗಿಸಿ ಹೊರಹಾಕಿದ ಪಳೆಯುಳಿಕೆ. ಗಾಂಜಾದ ಅಂಶ ಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಇಳಿಯುತ್ತೆ, ದಿನಾ ಸೇದುವವರಲ್ಲಿ ವಾರಗಟ್ಟಲೆ. 2012ರಿಂದ ಈಚೆಗೆ ಕೊಲೊರಾಡೊ, ವಾಷಿಂಗ್ಟನ್ನಿನಿಂದ ಶುರುವಾಗಿ ಹಲವು ರಾಜ್ಯಗಳಲ್ಲಿ ಅದು ಕಾನೂನುಬದ್ಧ ಬೇರೆ. ಮದ್ಯ ಕೆಲವೇ ಗಂಟೆಗಳಲ್ಲಿ ಮಾಯ, ಐದರ ಪಟ್ಟಿಯಲ್ಲಿ ಅದಿಲ್ಲ. ಕೆಲವು ದಿನಗಳ ಹಿಂದಿನ ಪಾರ್ಟಿಯಲ್ಲಿ ಸೇದಿದವಳು ಸಿಕ್ಕಿಬೀಳಬಹುದು, ನಿನ್ನೆ ರಾತ್ರಿ ಕಂಠಪೂರ್ತಿ ಕುಡಿದವನು ದಾಟಿ ಹೋಗಬಹುದು.

ಇನ್ನು ನಮ್ಮ ಅಡುಗೆಮನೆ. ಅಮೆರಿಕದಲ್ಲಿ ಬೆಳೆದ ಕನ್ನಡದ ಮಕ್ಕಳಲ್ಲಿ ಡಾಕ್ಟರ್ ಆಗಬೇಕು ಅಂದುಕೊಂಡ ಕೆಲವರು ಕಾಲೇಜು ದಿನಗಳಲ್ಲಿ ಇಎಂಟಿ ಕಲಿಯೋದುಂಟು. ಮೆಡಿಕಲ್ ಸ್ಕೂಲಿನ ಅರ್ಜಿಗೆ ರೋಗಿಗಳ ಜೊತೆ ಕಳೆದ ಗಂಟೆಗಳು ಬೇಕಾಗುತ್ತೆ. ಅಂಥ ಮನೆಯಲ್ಲಿ ಹಬ್ಬಕ್ಕೆ ಗಸಗಸೆ ಪಾಯಸ ಮಾಡಿದ್ದರೆ? ಗಸಗಸೆ ಅಫೀಮು ಗಿಡದ ಬೀಜ. ಅದರ ಮೇಲೆ ಅಂಟಿರುವ ಮಾರ್ಫಿನ್ ಹುರಿದು ರುಬ್ಬಿದರೆ ಕಡಿಮೆಯಾದೀತು, ಪೂರ್ತಿ ಹೋಗೋದಿಲ್ಲ. ಬ್ರೆಡ್ಡಿನ ಮೇಲೆ ಗಸಗಸೆ ಉದುರಿಸಿ ತಿನ್ನುವ ಅಮೆರಿಕನ್ನರೇ ಸಿಕ್ಕಿಬಿದ್ದು ಗಲಾಟೆಯಾಗಿ, 1998ರಲ್ಲಿ ಸರ್ಕಾರಿ ಪರೀಕ್ಷೆಗಳಲ್ಲಿ ಅಫೀಮು ವರ್ಗದ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2,000ಕ್ಕೆ ಏರಿಸಿದರು. ಖಾಸಗಿ ಪರೀಕ್ಷೆಗಳು ಆ ಮಿತಿಯನ್ನೇ ಪಾಲಿಸಬೇಕು ಅಂತೇನಿಲ್ಲ. 2023ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೈನಿಕರಿಗೆ ಗಸಗಸೆ ತಿನ್ನಲೇಬೇಡಿ ಅಂದಿತು. ನಾವೋ, ಅದನ್ನು ಚಿಟಿಕೆ ಲೆಕ್ಕದಲ್ಲಲ್ಲ, ಹಿಡಿ ಲೆಕ್ಕದಲ್ಲಿ ರುಬ್ಬುವ ಜನ.

ಇವೆಲ್ಲ ಬಿಡಿ, ತಡಕಾಡಿ ಸರಿಮಾಡಬಹುದಾದ ತೊಡಕುಗಳು. ದೊಡ್ಡ ತೂತು ಬೇರೆ ಇದೆ. ಪ್ಯಾರಾಮೆಡಿಕ್ ಇರುವ ಆಂಬುಲೆನ್ಸಿನ ಬೀಗದ ಪೆಟ್ಟಿಗೆಯಲ್ಲಿ ನೋವಿಗೆ ಕೊಡಲು ಸಾಮಾನ್ಯವಾಗಿ ಇರೋದು ಫೆಂಟನಿಲ್. ಕದಿಯುವವರಿಗೂ ಅದೇ ಬೇಕು. ಹಳೆಯ ಐದರ ಪಟ್ಟಿಯ ಅಫೀಮು ಪರೀಕ್ಷೆ ಹುಡುಕೋದು ಮಾರ್ಫಿನ್, ಕೊಡೀನ್, ಹೆರಾಯಿನ್‌ಗಳನ್ನು. ಫೆಂಟನಿಲ್ ಪೂರ್ತಿ ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಆ ಬಲೆಗೆ ಬೀಳೋದಿಲ್ಲ. ಹಳೆಯ ಮಾದರಿಯ ಹತ್ತರ ಪ್ಯಾನೆಲ್ ತಗೊಂಡರೂ ಅಷ್ಟೆ. ಅದರಲ್ಲಿ ಅಮೆರಿಕದ ಮಾರುಕಟ್ಟೆಯಿಂದ 1980ರ ದಶಕದಲ್ಲೇ ಮರೆಯಾದ ಮೆಥಕ್ವಲೋನ್ ಇರುತ್ತೆ, 2010ರಲ್ಲಿ ವಾಪಸ್ ಪಡೆದ ಪ್ರೊಪಾಕ್ಸಿಫೀನ್ ಇರುತ್ತೆ, ಫೆಂಟನಿಲ್ ಇರೋದಿಲ್ಲ. ಸತ್ತವರ ಹೆಸರು ತೆಗೆಯದ ಮತದಾರರ ಪಟ್ಟಿ ಇದ್ದ ಹಾಗೆ.

ಇದರ ಬೆಲೆ ಏನು ಅನ್ನೋದು 2012ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಎಕ್ಸೆಟರ್ ಆಸ್ಪತ್ರೆಯಲ್ಲಿ ಬಯಲಾಯಿತು. ಹೃದ್ರೋಗ ಪ್ರಯೋಗಾಲಯದ ತಂತ್ರಜ್ಞನೊಬ್ಬ ಫೆಂಟನಿಲ್ ಸಿರಿಂಜ್ ಕದ್ದು, ತನಗೆ ಚುಚ್ಚಿಕೊಂಡು, ಅದೇ ಸಿರಿಂಜಿಗೆ ಸಲೈನ್ ತುಂಬಿ ವಾಪಸ್ ಇಡುತ್ತಿದ್ದ. ಅವನಿಗೆ ಹೆಪಟೈಟಿಸ್ ಸಿ ಇತ್ತು. ಅವನು ಕೆಲಸ ಮಾಡಿದ ಹಲವು ರಾಜ್ಯಗಳಲ್ಲಿ ಸೇರಿ ನಲವತ್ತಕ್ಕೂ ಹೆಚ್ಚು ರೋಗಿಗಳಿಗೆ ಸೋಂಕು ಹರಡಿತು. ನೋವಿನ ಔಷಧದ ಬದಲು ಅವರ ನರಕ್ಕೆ ಹೋದದ್ದು ಉಪ್ಪುನೀರು ಮತ್ತು ವೈರಸ್. 2013ರ ಡಿಸೆಂಬರಿನಲ್ಲಿ ಅವನಿಗೆ 39 ವರ್ಷ ಜೈಲಾಯಿತು. ಇದೆಲ್ಲ ಬಯಲಾಗುವ ಎರಡು ವರ್ಷ ಮುಂಚೆ, 2010ರಲ್ಲಿ, ಅರಿಝೋನಾದ ಒಂದು ಆಸ್ಪತ್ರೆ ಅವನು ಶೌಚಾಲಯದಲ್ಲಿ ಫೆಂಟನಿಲ್ ಸಿರಿಂಜಿನೊಂದಿಗೆ ಸಿಕ್ಕಿದ್ದಕ್ಕೆ ಕೆಲಸದಿಂದ ತೆಗೆದಿತ್ತು. ಮುಂದಿನ ರಾಜ್ಯದ ಆಸ್ಪತ್ರೆಗೆ ಆ ಸುದ್ದಿ ತಲುಪಲಿಲ್ಲ. ಇಲ್ಲಿ ಕೈಕೊಟ್ಟದ್ದು ಕಪ್ ಅಲ್ಲ, ಒಂದು ಸಂಸ್ಥೆ ಇನ್ನೊಂದಕ್ಕೆ ಮಾಡಬೇಕಿದ್ದ ಒಂದು ಫೋನ್ ಕರೆ.

ಕಳ್ಳತನವನ್ನು ನಿಜವಾಗಿ ಹಿಡಿಯೋದು ಬೇಜಾರಿನ ಕೆಲಸಗಳು: ಎರಡು ಬೀಗ, ಪ್ರತಿ ಪಾಳಿ ಬದಲಾಗುವಾಗ ಎಣಿಕೆ, ಉಳಿದ ಔಷಧ ಚೆಲ್ಲುವಾಗ ಎದುರಿಗೆ ಇನ್ನೊಬ್ಬರ ಸಹಿ, ಒಡೆದರೆ ಗೊತ್ತಾಗುವ ಸೀಲ್. ಇದಕ್ಕೆಲ್ಲ ಸಂಸ್ಥೆ ದುಡ್ಡು ಮತ್ತು ಸಮಯ ಹಾಕಬೇಕು. ಕಪ್ಪಿಗೆ ವಿದ್ಯಾರ್ಥಿ ಹಾಕ್ತಾನೆ. ಯಾವುದು ಮೊದಲು ಜಾರಿಯಾಗುತ್ತೆ ಅಂತ ಊಹಿಸೋದು ಕಷ್ಟವೇನಲ್ಲ.

2025ರ ಜುಲೈನಿಂದ ಕೇಂದ್ರ ಸರ್ಕಾರದ ಪಟ್ಟಿಗೆ ಫೆಂಟನಿಲ್ ಸೇರಿದೆ. ಆ ಪಟ್ಟಿ ಇರೋದು ಸರ್ಕಾರಿ ನೌಕರರಿಗಾಗಿ. ಇಎಂಟಿ ವಿದ್ಯಾರ್ಥಿಯ ಕಪ್ಪಿನಲ್ಲಿ ಏನು ಹುಡುಕಬೇಕು ಅನ್ನೋದನ್ನು ಈಗಲೂ ತೀರ್ಮಾನಿಸೋದು ಕಾಲೇಜು ಮತ್ತು ಆಸ್ಪತ್ರೆಯ ನಡುವಿನ ಒಪ್ಪಂದ. ಅದೇ ಕೋರ್ಸಿನಲ್ಲಿ, ಆಮ್ಲಜನಕ ಕೊಡೋದು, ರಕ್ತ ಕಟ್ಟೋದು ಕಲಿಸಿದ ಹಾಗೇ, ಮೂಗಿಗೆ ನಾರ್ಕಾನ್ ಸಿಂಪಡಿಸೋದನ್ನೂ ಕಲಿಸ್ತಾರೆ. ಹಿಲ್ ಡಿಸ್ಟ್ರಿಕ್ಟಿನ ಹುಡುಗರು ಸೂಜಿಯಲ್ಲಿ ಕೊಡುತ್ತಿದ್ದರು.